ಕಾಲಿಗೆ ಬಂಗಾರ ಹಾಕಿದವಳು: ಹಳೆಯ ನುವಾರ್ ಚಿತ್ರಗಳ ಕೆಟ್ಟ ಹೆಂಗಸರು ನಮಗೇಕೆ ಹಿಡಿಸುತ್ತಾರೆ?

ತುಂಗಾತೀರ
ಕಳೆದ ಶನಿವಾರ ರಾತ್ರಿ ಅಮ್ಮನ ಜೊತೆ ಕುಳಿತು ‘ಡಬಲ್ ಇಂಡೆಮ್ನಿಟಿ’ ನೋಡಿದೆ. 1944ರ ಹಾಲಿವುಡ್ ನುವಾರ್ ಚಿತ್ರ, ಅಂದರೆ ಕತ್ತಲು ನೆರಳು ತುಂಬಿದ ಅಪರಾಧದ ಕಥೆ. ನಿರ್ದೇಶನ ಬಿಲ್ಲಿ ವೈಲ್ಡರ್. ಅಮ್ಮನಿಗೆ ಎಪ್ಪತ್ತನಾಲ್ಕು. ಇಂಗ್ಲಿಷ್ ಅಷ್ಟಕ್ಕಷ್ಟೆ. ನಾನು ನಡುನಡುವೆ ನಿಲ್ಲಿಸಿ ಕಥೆ ಹೇಳುತ್ತಿದ್ದೆ.

ಬಾರ್ಬರಾ ಸ್ಟ್ಯಾನ್‌ವಿಕ್ ಮೆಟ್ಟಿಲು ಇಳಿದು ಬರುತ್ತಾಳೆ. ಕ್ಯಾಮೆರಾ ಅವಳ ಮುಖ ಬಿಟ್ಟು ಕಾಲಿನ ಚೈನನ್ನು ಹಿಡಿಯುತ್ತದೆ. ಅಮ್ಮ ತಕ್ಷಣ ತೀರ್ಪು ಕೊಟ್ಟಳು: “ಕಾಲಿಗೆ ಬಂಗಾರ ಹಾಕಿದ್ದಾಳೆ. ಇವಳು ಮನೆ ಉಳಿಸುವವಳಲ್ಲ.” ಚಿತ್ರ ಶುರುವಾಗಿ ಇನ್ನೂ ಹತ್ತು ನಿಮಿಷ ಕಳೆದಿರಲಿಲ್ಲ.

ಅದು ದೊಡ್ಡ ವಿಷಯವಲ್ಲ. ಮುಂದೆ ನಡೆದದ್ದನ್ನು ಕೇಳಿ. ಅವಳೂ ವಿಮಾ ಏಜೆಂಟನೂ ಸೇರಿ ಗಂಡನನ್ನು ಕೊಂದು, ಹೆಣವನ್ನು ರೈಲು ಹಳಿಯ ಮೇಲೆ ಹಾಕಿ, ಓಡಿ ಬಂದು ಕಾರಿನಲ್ಲಿ ಕೂರುತ್ತಾರೆ. ಕಾರು ಸ್ಟಾರ್ಟ್ ಆಗುವುದಿಲ್ಲ. ನಮ್ಮ ಅಮ್ಮ, ಪ್ರತಿ ಶನಿವಾರ ತಪ್ಪದೆ ಹನುಮಂತನ ಗುಡಿಗೆ ಹೋಗುವವಳು, ಸೋಫಾದ ಅಂಚಿಗೆ ಬಂದು “ಅಯ್ಯೋ ದೇವರೇ, ಗಾಡಿ ಹೊರಡಲಿ” ಎಂದು ಬಿಟ್ಟಳು! ಕೊಲೆಗಾರರಿಗಾಗಿ ಪ್ರಾರ್ಥನೆ. ಆಮೇಲೆ ಅವಳಿಗೇ ನಾಚಿಕೆಯಾಗಿ ಅಡುಗೆಮನೆಗೆ ಎದ್ದು ಹೋದಳು.

ಅಂದಿನಿಂದ ತಲೆಯಲ್ಲಿ ಇದೇ ಪ್ರಶ್ನೆ. ಎಂಬತ್ತು ವರ್ಷದ ಹಿಂದಿನ ಕಪ್ಪುಬಿಳುಪು ಚಿತ್ರ. ಸುಳ್ಳು ಹೇಳುವ, ವಿಷ ಕಾರುವ, ಗಂಡನನ್ನು ಕೊಲ್ಲಿಸುವ ಹೆಣ್ಣು. ಆದರೂ ಅವಳು ತೆರೆಯ ಮೇಲಿರುವಷ್ಟು ಹೊತ್ತು ಬೇರೆ ಯಾರನ್ನೂ ನೋಡಲು ಮನಸ್ಸಾಗುವುದಿಲ್ಲ. ಏಕೆ?

ಹಳೇಟಾಕೀಸು
ಶೀರ್ಷಿಕೆಯನ್ನು ಅವಸರದಲ್ಲಿ ಓದಿ, ನವಾರು ಮಂಚದ ಬಗ್ಗೆ ಚರ್ಚೆ ಎಂದುಕೊಂಡು ಬಂದೆ. ನಮ್ಮ ಮನೆಯ ಮಂಚದ ನವಾರು ಜೋತು ಬಿದ್ದಿದೆ. ಇರಲಿ, ಬಂದದ್ದು ಬಂದಾಯಿತು, ಕೂರುತ್ತೇನೆ.

ಅಡ್ಡಮಾತು
ಕಪ್ಪುಬಿಳುಪು ಚಿತ್ರದಲ್ಲಿ ಅದು ಬಂಗಾರವೋ ಬೆಳ್ಳಿಯೋ ಎಂದು ನಿಮ್ಮ ಅಮ್ಮನಿಗೆ ಹೇಗೆ ತಿಳಿಯಿತು?

ತುಂಗಾತೀರ
@ಅಡ್ಡಮಾತು, ನಾನೂ ಅದನ್ನೇ ಕೇಳಿದೆ. “ಬೆಳ್ಳಿ ಹಾಕುವ ಮುಖವೇ ಅದು?” ಎಂದಳು.

ನಿವೃತ್ತವಿಮೆ
ಒಂದು ವಿಮಾ ಕಂಪನಿಯ ಕ್ಲೇಮು ವಿಭಾಗದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವನು ನಾನು. ಎಲ್ಲರೂ ಆ ಹೆಂಗಸಿನ ಕಾಲು ನೋಡುತ್ತೀರಿ, ನಾನು ಕಡತ ನೋಡುತ್ತೇನೆ. ಆ ಚಿತ್ರದ ನಿಜವಾದ ನಾಯಕ ಕ್ಲೇಮು ವ್ಯವಸ್ಥಾಪಕ ಕೀಸ್. ಎಡ್ವರ್ಡ್ ಜಿ. ರಾಬಿನ್ಸನ್ ಆ ಪಾತ್ರ ಮಾಡಿದ್ದಾರೆ. ಎಂಥ ನಟ!

ಹೆಸರಿನ ಅರ್ಥ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಾಮೂಲಿಯಲ್ಲದ ಕೆಲವು ಅಪಘಾತಗಳಲ್ಲಿ ಸತ್ತರೆ ವಿಮೆಯ ಹಣ ಎರಡು ಪಟ್ಟು ಕೊಡಬೇಕು ಎಂಬ ಷರತ್ತು ಅದು. ಚಿತ್ರದಲ್ಲಿ ಪಾಲಿಸಿ 50,000 ಡಾಲರ್. ರೈಲಿನಲ್ಲಿ ಸತ್ತರೆ 1,00,000. ಅದಕ್ಕೇ ಅಷ್ಟೆಲ್ಲ ಒದ್ದಾಡಿ ಹೆಣವನ್ನು ಹಳಿಯ ತನಕ ಹೊರುತ್ತಾರೆ.

ಕೀಸ್‌ಗೆ ಅನುಮಾನ ಬಂದದ್ದು ಯಾವುದರಿಂದ, ಗಮನಿಸಿದಿರಾ? ಅಪಘಾತ ವಿಮೆ ಇರುವ ಮನುಷ್ಯನ ಕಾಲು ಮುರಿಯುತ್ತದೆ. ಅವನು ಕ್ಲೇಮು ಹಾಕುವುದಿಲ್ಲ. ಏಕೆ? ಪಾಲಿಸಿ ಇದೆ ಎಂದು ಅವನಿಗೇ ಗೊತ್ತಿಲ್ಲ! ಕಾರಿನ ವಿಮೆಯ ಕಾಗದ ಎಂದು ನಂಬಿಸಿ ಸಹಿ ಹಾಕಿಸಿಕೊಂಡಿದ್ದರು. ಕ್ಲೇಮು ಬಂದಾಗ ನಾವು ಮೊದಲು ಹುಡುಕುತ್ತಿದ್ದದ್ದೂ ಇಂಥದ್ದನ್ನೇ: ಬರಬೇಕಾಗಿದ್ದು ಬರದೇ ಇರುವುದು. ಈ ಒಂದು ದೃಶ್ಯಕ್ಕಾಗಿ ನಾನು ಚಿತ್ರವನ್ನು ಆರು ಬಾರಿ ನೋಡಿದ್ದೇನೆ.

ಅಡ್ಡಮಾತು
ಅದೇ ದೃಶ್ಯದಲ್ಲಿ ಅವಳು ಬಾಗಿಲ ಹಿಂದೆ ಅಡಗಿಕೊಳ್ಳುತ್ತಾಳೆ. ಏಜೆಂಟನ ಆ ಫ್ಲ್ಯಾಟಿನ ಬಾಗಿಲು ಓಣಿಯ ಕಡೆಗೆ, ಅಂದರೆ ಹೊರಕ್ಕೆ ತೆರೆಯುತ್ತದೆ. ಯಾವ ಊರಿನಲ್ಲಿ ಫ್ಲ್ಯಾಟಿನ ಬಾಗಿಲು ಹಾಗೆ ಇಡುತ್ತಾರೆ? ಅವಳನ್ನು ಅಡಗಿಸಲಿಕ್ಕೆಂದೇ ಬಡಗಿಗೆ ಹೇಳಿ ಮಾಡಿಸಿದ್ದು. ಏಜೆಂಟ್ ಮದುವೆಯಾಗದವನು, ಆದರೆ ಕೈಯಲ್ಲಿ ಮದುವೆ ಉಂಗುರ ಹಾಗೆಯೇ ಇದೆ. ಇದನ್ನು ಮೇರುಕೃತಿ ಎನ್ನುತ್ತೀರಿ.

ನಿವೃತ್ತವಿಮೆ
ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ನೋಡುವಷ್ಟು ಉಸಿರು ನಿಮಗೆ ಉಳಿದಿತ್ತಲ್ಲ. ಭೇಷ್.

ಸಂಪಿಗೆರಸ್ತೆ
ಮೂಲ ಪ್ರಶ್ನೆಗೆ ಬರೋಣ. ತುಂಗಾತೀರ ಅವರೇ, ನಿಮ್ಮ ಅಮ್ಮ ನಾಚಿಕೊಳ್ಳಬೇಕಾಗಿಲ್ಲ. ಇಂಥ ಚಿತ್ರಗಳನ್ನು ಕಟ್ಟಿರುವ ರೀತಿಯೇ ಹಾಗೆ.

ಆಗ ಹಾಲಿವುಡ್ಡಿನಲ್ಲಿ ಹೇಸ್ ಸಂಹಿತೆ ಎಂಬ ನಿಯಮಾವಳಿ ಇತ್ತು. 1934ರಿಂದ ಕಟ್ಟುನಿಟ್ಟಾಗಿ ಜಾರಿಯಾಯಿತು, 1968ರಲ್ಲಿ ಅದರ ಕಥೆ ಮುಗಿಯಿತು. ಅಪರಾಧ ಮಾಡಿದವರಿಗೆ ಶಿಕ್ಷೆ ಆಗಲೇಬೇಕು, ವ್ಯಭಿಚಾರ ಆಕರ್ಷಕವಾಗಿ ಕಾಣಬಾರದು. ‘ಡಬಲ್ ಇಂಡೆಮ್ನಿಟಿ’ಯ ಮೂಲ ಕಾದಂಬರಿಯನ್ನು ಮೂವತ್ತರ ದಶಕದಲ್ಲೇ ಚಿತ್ರ ಮಾಡಲು ಹೊರಟಾಗ ಆ ಸಂಹಿತೆ ಜಾರಿ ಮಾಡುವ ಕಚೇರಿ ಅಡ್ಡಗಾಲು ಹಾಕಿತ್ತು. ಹಾಗಾಗಿ ಬರೆಯುವವರಿಗೆ ಮೊದಲೇ ಗೊತ್ತು: ಕೊನೆಯಲ್ಲಿ ಅವಳು ಸಾಯಬೇಕು, ಇಲ್ಲವೇ ಜೈಲಿಗೆ ಹೋಗಬೇಕು. ಸರಿ, ಕೊನೆಯ ಹತ್ತು ನಿಮಿಷ ಸೆನ್ಸಾರಿನವರಿಗೆ ಬಿಟ್ಟುಕೊಡೋಣ, ಅದಕ್ಕಿಂತ ಮುಂಚಿನ ತೊಂಬತ್ತು ನಿಮಿಷ ಅವಳದು!

ಆ ತೊಂಬತ್ತು ನಿಮಿಷದಲ್ಲಿ ಅವಳೊಬ್ಬಳೇ ತನಗೇನು ಬೇಕು ಎಂದು ತಿಳಿದವಳು. ಗಂಡಸರು ಅವಳ ಹಿಂದೆ ಜೋಲಿ ಹೊಡೆಯುತ್ತಿರುತ್ತಾರೆ. ‘ಔಟ್ ಆಫ್ ದ ಪಾಸ್ಟ್’ (1947) ನೋಡಿ. ರಾಬರ್ಟ್ ಮಿಚಮ್ ಮೆಕ್ಸಿಕೋದ ಒಂದು ಕೆಫೆಯಲ್ಲಿ ಕುಳಿತಿದ್ದಾನೆ. ಜೇನ್ ಗ್ರೀರ್ ಬಿಸಿಲಿನಿಂದ ಒಳಗೆ ನಡೆದು ಬರುತ್ತಾಳೆ. ಅವಳು ತನ್ನ ಗೆಳೆಯನಿಗೆ ಗುಂಡು ಹೊಡೆದು ನಲವತ್ತು ಸಾವಿರ ಡಾಲರ್ ಹೊತ್ತು ಬಂದವಳು ಎಂದು ಇವನಿಗೆ ಗೊತ್ತು, ಅವಳನ್ನು ಹಿಡಿದು ತರಲೆಂದೇ ಹಣ ಪಡೆದು ಬಂದಿದ್ದಾನೆ. ಹಣ ತಾನು ತೆಗೆದಿಲ್ಲ ಎಂದು ಅವಳು ಹೇಳತೊಡಗುವ ಹೊತ್ತಿಗೆ ತನಗೆ ಅದರ ಚಿಂತೆಯೇ ಇಲ್ಲ ಎಂದು ಬಿಡುತ್ತಾನೆ. ಈಗ ಹೇಳಿ, ಬುದ್ಧಿ ಯಾರಿಗಿದೆ?

ಅಡ್ಡಮಾತು
ಅಕ್ಕ, ಸ್ವಲ್ಪ ತಡೆಯಿರಿ. ‘ತನಗೇನು ಬೇಕು ಎಂದು ತಿಳಿದವಳು’ ಎಂಬ ಮಾತು ಚೆನ್ನಾಗಿದೆ. ಆದರೆ ಸ್ಟ್ಯಾನ್‌ವಿಕ್ ಪಾತ್ರ ಗಂಡನ ಮೊದಲ ಹೆಂಡತಿಗೆ ಶುಶ್ರೂಷೆ ಮಾಡಲು ಬಂದ ನರ್ಸ್. ನ್ಯುಮೋನಿಯಾ ಹಿಡಿದವಳ ಕೋಣೆಯ ಕಿಟಕಿಗಳನ್ನು ತೆರೆದಿಟ್ಟು ಕೊಂದಳು ಎಂದು ಆ ಮೊದಲ ಹೆಂಡತಿಯ ಮಗಳೇ ಹೇಳುತ್ತಾಳೆ. ಅದೂ ಸ್ವಾತಂತ್ರ್ಯವೇ? ಗಂಡಸು ಇದೇ ಕೆಲಸ ಮಾಡಿದ್ದರೆ ರಾಕ್ಷಸ ಎನ್ನುತ್ತಿದ್ದಿರಿ.

ಈ ಕಥೆಯ ಹಿಂದೆ ನಿಜವಾದ ಕೊಲೆಯೂ ಇದೆ. 1927ರಲ್ಲಿ ನ್ಯೂಯಾರ್ಕಿನ ರೂತ್ ಸ್ನೈಡರ್, ಒಳಉಡುಪು ಮಾರುತ್ತಿದ್ದ ಪ್ರಿಯಕರನ ಜೊತೆ ಸೇರಿ ಗಂಡನನ್ನು ಕೊಂದಳು. ಅಲ್ಲಿಯೂ ದುಪ್ಪಟ್ಟು ಹಣದ ವಿಮೆ. ಸತ್ತವನ ಹೆಸರು ಇಲ್ಲಿ ಎಷ್ಟು ಜನರಿಗೆ ಗೊತ್ತು? ಆಲ್ಬರ್ಟ್. ಪಾಪದವನು.

ಸಂಪಿಗೆರಸ್ತೆ
ಸ್ವಾತಂತ್ರ್ಯ ಎಂಬ ಪದ ನಾನು ಬಳಸಿಲ್ಲ ತಮ್ಮಾ, ನೀವು ಬಳಸಿದ್ದು. ಅವಳು ಒಳ್ಳೆಯವಳು ಎಂದೂ ಹೇಳಿಲ್ಲ. ಒಳ್ಳೆಯ ಹುಡುಗಿಯರಿಗೆ ಆ ಚಿತ್ರಗಳಲ್ಲಿ ಏನು ಕೆಲಸ ಇತ್ತು, ಹೇಳಿ. ಕಾಫಿ ತರುವುದು, ಕಾಯುವುದು, ಕ್ಷಮಿಸುವುದು. ಯುದ್ಧದ ಕಾಲದಲ್ಲಿ ಕಾರ್ಖಾನೆಗೆ ಹೋಗಿ ಸಂಬಳ ಎಣಿಸಿದ ಹೆಂಗಸರು ಯುದ್ಧ ಮುಗಿದ ಮೇಲೆ ಒಲೆಯ ಮುಂದೆ ಮರಳಬೇಕಾಯಿತು. ಟಾಕೀಸಿನ ಕತ್ತಲಲ್ಲಿ ಕುಳಿತು ಅವರು ನೋಡಿದ್ದು ಕಾಫಿ ತರುವವಳನ್ನೋ, ಪಿಸ್ತೂಲು ಹಿಡಿದವಳನ್ನೋ?

ರೂತ್ ಸ್ನೈಡರ್ ವಿಷಯ ತೆಗೆದಿರಿ. ಪೂರ್ತಿ ಹೇಳಿ. 1928ರ ಜನವರಿಯಲ್ಲಿ ಸಿಂಗ್ ಸಿಂಗ್ ಜೈಲಿನಲ್ಲಿ ಅವಳನ್ನು ವಿದ್ಯುತ್ ಕುರ್ಚಿಯಲ್ಲಿ ಕೂರಿಸಿದಾಗ ಒಬ್ಬ ಛಾಯಾಗ್ರಾಹಕ ಕದ್ದು ಫೋಟೊ ತೆಗೆದ. ಮರುದಿನ ನ್ಯೂಯಾರ್ಕಿನ ಪತ್ರಿಕೆಯ ಮುಖಪುಟದಲ್ಲಿ ಅವಳು ಸಾಯುತ್ತಿರುವ ಚಿತ್ರ ಬಂತು. ಅವನು ಕ್ಯಾಮೆರಾ ಕಟ್ಟಿಕೊಂಡಿದ್ದು ಎಲ್ಲಿ ಗೊತ್ತೇ? ಕಾಲಿನ ಹರಡಿಗೆ. ಪ್ಯಾಂಟು ಮೇಲೆತ್ತಿ ತೆಗೆದ. ಅಮ್ಮ ನೋಡಿದ ಆ ಚೈನು ಇರುವ ಜಾಗದಲ್ಲಿಯೇ. ಇದನ್ನು ಓದಿದ ಮೇಲೆ ಆ ಮೆಟ್ಟಿಲಿನ ದೃಶ್ಯ ನನಗೆ ಮೊದಲಿನಂತೆ ಕಾಣಲಿಲ್ಲ.

ತುಂಗಾತೀರ
ಅಬ್ಬಾ. ಇದನ್ನು ಅಮ್ಮನಿಗೆ ಹೇಳುವುದಿಲ್ಲ.

ಚೌಕಿಮನೆ
‘ಫೆಮ್ ಫತಾಲ್’, ಅಂದರೆ ಮೋಹಿಸಿ ಮುಳುಗಿಸುವ ಇಂಥ ಹೆಣ್ಣು, ಎಂಬುದಕ್ಕೆ ಕನ್ನಡದಲ್ಲಿ ಏನು ಹೇಳೋಣ? ನಮ್ಮ ಕರಾವಳಿಯಲ್ಲಿ ಕೇಳಿದರೆ ಯಾರೂ ಯೋಚಿಸುವುದಿಲ್ಲ, ಮೋಹಿನಿ ಎನ್ನುತ್ತಾರೆ. ಭಸ್ಮಾಸುರ ಮೋಹಿನಿ ಪ್ರಸಂಗ ನೋಡಿ. ಕುಣಿಸಿ ಕುಣಿಸಿ ಅವನ ಕೈಯನ್ನು ಅವನ ತಲೆಯ ಮೇಲೆಯೇ ಇಡಿಸುತ್ತಾಳೆ. ನುವಾರ್ ನಾಯಕರ ಗತಿಯೂ ಅದೇ ಅಲ್ಲವೇ? ಯಾರೂ ಅವರನ್ನು ತಳ್ಳುವುದಿಲ್ಲ, ತಾವೇ ಕೈ ಎತ್ತಿ ಇಟ್ಟುಕೊಳ್ಳುತ್ತಾರೆ.

ಹೊಸಪೇಟೆಹುಡುಗ
ವಿಷಕನ್ಯೆ ಎನ್ನಬಹುದಲ್ಲ?

ಹಳಗನ್ನಡಪ್ರಿಯ
ಎರಡೂ ಒಪ್ಪುವುದಿಲ್ಲ. ಮೋಹಿನಿ ದೇವತೆಗಳ ಕೆಲಸಕ್ಕೆ ಬಂದವಳು. ವೇಷ ಕಳಚಿದರೆ ವಿಷ್ಣು! ವಿಷಕನ್ಯೆಯ ಪಾಡು ಇನ್ನೂ ಕಷ್ಟ. ‘ಮುದ್ರಾರಾಕ್ಷಸ’ ನಾಟಕದಲ್ಲಿ ರಾಕ್ಷಸ ಎಂಬ ಹೆಸರಿನ ಮಂತ್ರಿ ಅವಳನ್ನು ಚಂದ್ರಗುಪ್ತನಿಗೆಂದು ಕಳಿಸುತ್ತಾನೆ, ಚಾಣಕ್ಯ ಅವಳನ್ನು ರಾಜ ಪರ್ವತಕನ ಕಡೆಗೆ ತಿರುಗಿಸುತ್ತಾನೆ. ಅವಳು ಬಾಣ, ಬಿಲ್ಲು ಬೇರೆಯವರದು. ನುವಾರ್ ಹೆಂಗಸಿನ ವಿಶೇಷವೇ ಅವಳನ್ನು ಯಾರೂ ಕಳಿಸಿಲ್ಲ ಎಂಬುದು.

ಕನ್ನಡದಲ್ಲಿ ಅವಳಿಗೆ ಅಕ್ಕನೊಬ್ಬಳಿದ್ದಾಳೆ: 13ನೆಯ ಶತಮಾನದ ಜನ್ನನ ‘ಯಶೋಧರ ಚರಿತೆ’ಯ ಅಮೃತಮತಿ. ರಾತ್ರಿ ಉಜ್ಜಯಿನಿಯ ಅರಮನೆಯ ಪಕ್ಕದ ಗಜಶಾಲೆಯಿಂದ ಮಾವುತನ ಹಾಡು ಕೇಳಿಸುತ್ತದೆ. ಅವನು ಅಷ್ಟಾವಂಕ, ನೋಡಲಾಗದ ಕುರೂಪಿ. ರಾಜನ ಮಗ್ಗುಲಿನಿಂದ ಎದ್ದು ಅವನ ಬಳಿಗೆ ಹೋಗುತ್ತಾಳೆ. ತಡವಾಯಿತು ಎಂದು ಅವನು ಬಡಿಯುತ್ತಾನೆ, ಇವಳು ಕಾಲು ಹಿಡಿಯುತ್ತಾಳೆ. ಹಿಂಬಾಲಿಸಿ ಬಂದ ರಾಜ ಕತ್ತಿ ಹಿರಿದವನು ಕತ್ತಲಲ್ಲಿ ನಿಂತು ನೋಡುತ್ತಾನೆ, ಹೊಡೆಯದೆ ಮರಳುತ್ತಾನೆ. ಮರುದಿನ ಸರಸದ ನೆಪದಲ್ಲಿ ಅವಳನ್ನು ನೈದಿಲೆಯಿಂದ ಮುಟ್ಟಿದರೆ ಪೆಟ್ಟಾಯಿತೆಂದು ಮೂರ್ಛೆ ಹೋಗುತ್ತಾಳೆ! ಕೊನೆಗೆ ಗಂಡನಿಗೂ ಅತ್ತೆಗೂ ವಿಷ ಹಾಕುತ್ತಾಳೆ. ಈ ನೈದಿಲೆಯ ಮೂರ್ಛೆಯನ್ನು ಸ್ಟ್ಯಾನ್‌ವಿಕ್‌ಗೆ ಕೊಟ್ಟಿದ್ದರೆ ಹೇಗೆ ಮಾಡುತ್ತಿದ್ದಳು ಎಂದು ಯೋಚಿಸುತ್ತಿದ್ದೇನೆ.

ಜನ್ನ ಬರೆದದ್ದು ಧರ್ಮಕಾವ್ಯ. ಹಿಂಸೆಯ ಸಂಕಲ್ಪ ಕೂಡ ಪಾಪ ಎಂದು ಹೇಳಲು ಹೊರಟವನು. ಆದರೆ ಓದುಗರ ತಲೆಯಲ್ಲಿ ಉಳಿದದ್ದು ರಾಜ ಬಲಿ ಕೊಟ್ಟ ಹಿಟ್ಟಿನ ಕೋಳಿಗಿಂತ ಹೆಚ್ಚಾಗಿ ಆ ರಾತ್ರಿಯ ಹಾಡು. ಸಂಪಿಗೆರಸ್ತೆ ಅವರು ಹೇಳಿದ ‘ಸೆನ್ಸಾರಿಗೆ ಕೊನೆಯ ಹತ್ತು ನಿಮಿಷ’ ಇಲ್ಲಿಗೂ ಒಪ್ಪುತ್ತದೆ.

ಅಡ್ಡಮಾತು
ರಾಯರೇ, ಲಾಸ್ ಏಂಜಲೀಸಿನಿಂದ ಉಜ್ಜಯಿನಿಗೆ ಒಂದೇ ನೆಗೆತ. ಆದರೂ ಆ ಕತ್ತಿ ಹಿಡಿದು ಕತ್ತಲಲ್ಲಿ ನಿಂತ ರಾಜ... ಅದು ನುವಾರ್, ಒಪ್ಪಿದೆ.

ಲೈಟ್‌ಬಾಯ್
ಕಥೆ, ಹೆಣ್ಣು ಎಲ್ಲ ಸರಿ. ಬೆಳಕಿನ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ಧಾರಾವಾಹಿಗಳ ಸೆಟ್ಟಿನಲ್ಲಿ ಹದಿನಾಲ್ಕು ವರ್ಷದಿಂದ ದೀಪ ಹೊರುತ್ತಿದ್ದೇನೆ.

ಮುಖದ ಮೇಲೆ ಒಂದು ಕಡೆಯಿಂದ ಮುಖ್ಯ ದೀಪ ಬೀಳುತ್ತದೆ. ಇನ್ನೊಂದು ಕಡೆ ಹುಟ್ಟುವ ನೆರಳನ್ನು ತುಂಬಲು ಫಿಲ್ ಲೈಟ್ ಅಥವಾ ಥರ್ಮಾಕೋಲ್ ಹಲಗೆ ಇಡುತ್ತೇವೆ. ನುವಾರಿನವರು ಮಾಡಿದ್ದು ಇಷ್ಟೇ: ಆ ತುಂಬುವ ಬೆಳಕನ್ನು ತೆಗೆದರು ಅಥವಾ ತೀರಾ ಕಡಿಮೆ ಮಾಡಿದರು. ಅರ್ಧ ಮುಖ ಕಾಣುತ್ತದೆ, ಅರ್ಧ ಕಾಣುವುದಿಲ್ಲ. ಅವಳು ಸುಳ್ಳು ಹೇಳುತ್ತಿದ್ದಾಳೋ ನಿಜವೋ ಎಂದು ಕಣ್ಣು ನೋಡಿ ತಿಳಿಯೋಣವೆಂದರೆ ಒಂದು ಕಣ್ಣು ಕತ್ತಲಲ್ಲಿ! ಆಕರ್ಷಣೆಯ ಮುಕ್ಕಾಲು ಪಾಲು ಅಲ್ಲಿಯೇ ಇದೆ ಎನ್ನುತ್ತೇನೆ ನಾನು. ಕಿಟಕಿಯ ಪಟ್ಟಿಗಳ ನೆರಳು ಗೋಡೆಯ ಮೇಲೆ ಜೈಲಿನ ಕಂಬಿಯಂತೆ ಬೀಳುತ್ತದೆ. ‘ಡಬಲ್ ಇಂಡೆಮ್ನಿಟಿ’ಯ ಛಾಯಾಗ್ರಾಹಕ ಜಾನ್ ಸೈಟ್ಜ್ ಆ ಮನೆಯ ಗಾಳಿಯಲ್ಲಿ ಲೋಹದ ಪುಡಿ ತೂರಿ ಧೂಳು ಮಿನುಗುವಂತೆ ಮಾಡಿದರು.

ಇದರಲ್ಲಿ ಉಳಿತಾಯವೂ ಇತ್ತು. ಯುದ್ಧಕಾಲದಲ್ಲಿ ಅಮೆರಿಕ ಸರ್ಕಾರ ಒಂದು ಚಿತ್ರದ ಸೆಟ್ಟುಗಳಿಗೆ ಹೊಸ ಸಾಮಗ್ರಿ 5,000 ಡಾಲರಿಗಿಂತ ಹೆಚ್ಚು ಬಳಸಬಾರದು ಎಂದು 1942ರಲ್ಲಿ ಮಿತಿ ಹಾಕಿತು. ಹಳೆಯ ಸೆಟ್ಟನ್ನೇ ಮತ್ತೆ ಬಳಸಬೇಕು. ಕತ್ತಲು ಮಾಡಿದರೆ ಯಾರಿಗೆ ಗೊತ್ತಾಗುತ್ತದೆ?

ಒಮ್ಮೆ ನಮ್ಮ ಧಾರಾವಾಹಿಯಲ್ಲಿ ಅತ್ತೆ ವಿಷ ಬೆರೆಸುವ ದೃಶ್ಯ. ಕ್ಯಾಮೆರಾಮನ್ ಒಪ್ಪಿಗೆಯಿಂದ ಥರ್ಮಾಕೋಲ್ ತೆಗೆದುಬಿಟ್ಟೆ. ಏನು ಚೆಂದ ಬಂತು! ಸಂಜೆ ವಾಹಿನಿಯಿಂದ ಫೋನು: “ಅವರ ಅರ್ಧ ಮುಖ ಎಲ್ಲಿ ಹೋಯಿತು? ಅರ್ಧ ಮುಖಕ್ಕೆ ಪೂರ್ತಿ ಸಂಭಾವನೆ ಕೊಡುತ್ತಿದ್ದೇವೆಯೇ?” ಮರುದಿನ ಮತ್ತೆ ಮದುವೆ ಮಂಟಪದಂತೆ ಬೆಳಗಿಸಿದೆವು.

ಹಳೇಟಾಕೀಸು
ಅರ್ಧ ಮುಖಕ್ಕೆ ಪೂರ್ತಿ ಸಂಭಾವನೆ! ನವಾರು ಮಂಚ ಮರೆತು ನಗುತ್ತಿದ್ದೇನೆ.

ಒಂಟಿಕೊಪ್ಪಲು
ಬೆಳಕಿನ ಮಾತು ಬಂದ ಮೇಲೆ ಮೈಸೂರಿನವನಾಗಿ ಸುಮ್ಮನಿರಲಾರೆ. ಛಾಯಾಗ್ರಾಹಕ ವಿ.ಕೆ. ಮೂರ್ತಿ ನಮ್ಮ ಊರಿನವರು. ನಿರ್ದೇಶಕ ಗುರುದತ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1925ರಲ್ಲಿ. ಹಿಂದಿಗೆ ನುವಾರಿನ ನೆರಳು ತಂದವರಲ್ಲಿ ಇವರಿಬ್ಬರೂ ಮುಂದಿನ ಸಾಲಿನವರು. ‘ಬಾಜಿ’ (1951) ಚಿತ್ರೀಕರಣದಲ್ಲಿ ಸಹಾಯಕರಾಗಿದ್ದ ಮೂರ್ತಿ, ಕನ್ನಡಿಯ ಮೂಲಕ ಒಂದು ಶಾಟ್ ತೆಗೆಯುವ ಉಪಾಯ ಹೇಳಿದರು. ಗುರುದತ್ ಅದನ್ನು ನೋಡಿ ಮುಂದಿನ ಚಿತ್ರದಿಂದ ನೀವೇ ನನ್ನ ಛಾಯಾಗ್ರಾಹಕ ಎಂದರು. ‘ಜಾಲ್’, ‘ಪ್ಯಾಸಾ’, ‘ಕಾಗಜ್ ಕೇ ಫೂಲ್’ ಎಲ್ಲ ಬಂದದ್ದು ಹಾಗೆ. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು.

ಅದೇ ತಂಡದ ‘ಸಿ.ಐ.ಡಿ.’ (1956) ನೋಡಿ. ವಹೀದಾ ರೆಹಮಾನ್ ಅವರ ಮೊದಲ ಹಿಂದಿ ಚಿತ್ರ, ಖಳರ ಕಡೆಯ ಹೆಣ್ಣಿನ ಪಾತ್ರ. ಆದರೆ ನಮ್ಮವರಿಗೆ ಅವಳನ್ನು ಕೊನೆಯ ತನಕ ಕೆಟ್ಟವಳಾಗಿ ಬಿಡಲು ಮನಸ್ಸು ಬರಲಿಲ್ಲ. ನಾಯಕನ ಪಕ್ಷಕ್ಕೆ ತಂದು ನಿಲ್ಲಿಸಿದರು. ನೆರಳು ಬಂತು, ವಿಷ ಬರಲಿಲ್ಲ.

ಸಂಪಿಗೆರಸ್ತೆ
@ಒಂಟಿಕೊಪ್ಪಲು, “ನೆರಳು ಬಂತು, ವಿಷ ಬರಲಿಲ್ಲ” ಎಂಬುದನ್ನು ಬರೆದಿಟ್ಟುಕೊಂಡೆ.

ಹೊಸಪೇಟೆಹುಡುಗ
ಒಂದು ದಡ್ಡ ಪ್ರಶ್ನೆ. ಅಮೆರಿಕದ ಚಿತ್ರಗಳಿಗೆ ಫ್ರೆಂಚ್ ಹೆಸರು ಏಕೆ?

ಹಳೇಟಾಕೀಸು
ಜರ್ಮನರ ವಶದಲ್ಲಿದ್ದಾಗ ಪ್ಯಾರಿಸ್ಸಿಗೆ ಅಮೆರಿಕದ ಚಿತ್ರಗಳು ಬರುತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ, 1946ರಲ್ಲಿ, ವರ್ಷಗಳ ಬಾಕಿ ಒಟ್ಟಿಗೆ ಬಂತು. ಎಲ್ಲವನ್ನೂ ಒಂದೇ ಸಲ ನೋಡಿದ ವಿಮರ್ಶಕರಿಗೆ ‘ಇದೇನು, ಎಲ್ಲದರಲ್ಲೂ ಇಷ್ಟು ಕತ್ತಲು’ ಎನ್ನಿಸಿತು. ನಿನೋ ಫ್ರಾಂಕ್ ಎಂಬವರು ‘ಫಿಲ್ಮ್ ನುವಾರ್’, ಅಂದರೆ ‘ಕಪ್ಪು ಚಿತ್ರ’ ಎಂದು ಬರೆದರು. ತಮಾಷೆಯೆಂದರೆ ಚಿತ್ರ ಮಾಡುತ್ತಿದ್ದವರಿಗೆ ತಾವು ನುವಾರ್ ಮಾಡುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಅವರ ಪಾಲಿಗೆ ಅದು ಅಪರಾಧದ ಮೆಲೋಡ್ರಾಮಾ, ಅಷ್ಟೆ. ಲ್ಯಾಂಗ್, ವೈಲ್ಡರ್, ಸಿಯೋಡ್ಮಾಕ್ ಈ ನಿರ್ದೇಶಕರೆಲ್ಲ ಹಿಟ್ಲರನ ಕಾಟಕ್ಕೆ ಯುರೋಪ್ ಬಿಟ್ಟು ಬಂದವರು. ಕತ್ತಲನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡೇ ಬಂದಿದ್ದರು.

ಎಪ್ಪತ್ತರ ದಶಕದಲ್ಲಿ ನಮ್ಮ ಫಿಲ್ಮ್ ಸೊಸೈಟಿಯೊಂದರಲ್ಲಿ ‘ದ ಬಿಗ್ ಸ್ಲೀಪ್’ ತೋರಿಸಿದರು. ಒಂದೇ 16 ಎಂ.ಎಂ. ಪ್ರೊಜೆಕ್ಟರ್, ರೀಲು ಬದಲಾಯಿಸುವಾಗ ದೀಪ ಹಾಕುತ್ತಿದ್ದರು. ಅವತ್ತು ಎರಡನೆಯ ರೀಲಿನ ಬದಲು ಮೂರನೆಯದನ್ನು ಹಾಕಿಬಿಟ್ಟರು. ಒಬ್ಬರೂ ತುಟಿ ಬಿಚ್ಚಲಿಲ್ಲ! ಚರ್ಚೆಯಲ್ಲಿ ಒಬ್ಬ ಪ್ರಾಧ್ಯಾಪಕರು ಕಾಲದ ವಿಘಟನೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಪ್ರೊಜೆಕ್ಟರ್ ನಡೆಸುವವನು ಡಬ್ಬಿ ಕಟ್ಟುವಾಗ ತಪ್ಪು ಒಪ್ಪಿಕೊಂಡ. ಆ ಚಿತ್ರದಲ್ಲಿ ಚಾಲಕನನ್ನು ಕೊಂದವರು ಯಾರು ಎಂದು ಮೂಲ ಲೇಖಕ ರೇಮಂಡ್ ಚಾಂಡ್ಲರ್‌ಗೇ ಗೊತ್ತಿರಲಿಲ್ಲವಂತೆ. ನಮಗೇನು ಗೊತ್ತಾಗಬೇಕು.

ಕಡಲಾಚೆಕನ್ನಡತಿ
ಗಿಲ್ಡಾಳನ್ನು ಯಾರೂ ಕರೆಯಲೇ ಇಲ್ಲ. 1946ರ ‘ಗಿಲ್ಡಾ’, ರೀಟಾ ಹೇವರ್ಥ್. ಒಂದು ಕೈಗವಸು ಬಿಚ್ಚುವುದರಲ್ಲಿ ಇಡೀ ಸಭೆಯನ್ನು ಉಸಿರು ಹಿಡಿದು ನಿಲ್ಲಿಸುವವಳು. ಹಾಡಿನ ಧ್ವನಿ ಅವಳದಲ್ಲ, ಅನಿತಾ ಎಲ್ಲಿಸ್ ಅವರದು. ಹಿನ್ನೆಲೆ ಗಾಯನ ನಮ್ಮಲ್ಲಿ ಮಾತ್ರ ಎಂದುಕೊಂಡವರಿಗೆ ಹೇಳುತ್ತಿದ್ದೇನೆ.

ಗಮನಿಸಿ: ಗಿಲ್ಡಾ ಯಾರನ್ನೂ ಕೊಲ್ಲುವುದಿಲ್ಲ. ಆ ಹಾಡಿನ ಅರ್ಥವೇ ಲೋಕದಲ್ಲಿ ಏನು ಕೆಟ್ಟದ್ದಾದರೂ ಒಬ್ಬ ಹೆಣ್ಣಿನ ತಲೆಗೆ ಕಟ್ಟಿ ಎಂದು. ಅಷ್ಟು ಸ್ಪಷ್ಟವಾಗಿ ಅಣಕಿಸಿದರೂ ಜನ ಅವಳನ್ನು ಮಾರಿ ಎಂದೇ ನೆನಪಿಟ್ಟುಕೊಂಡರು. ಅದೇ ವರ್ಷ ಬಿಕಿನಿ ಹವಳದ್ವೀಪದಲ್ಲಿ ಅಣುಬಾಂಬ್ ಪರೀಕ್ಷೆ ಮಾಡಿದಾಗ ಬಾಂಬಿಗೆ ಗಿಲ್ಡಾ ಎಂದು ಹೆಸರಿಟ್ಟು ಅವಳ ಚಿತ್ರ ಅಂಟಿಸಿದರು. ರೀಟಾಗೆ ಕೆಂಡದಂಥ ಸಿಟ್ಟು ಬಂದಿತ್ತಂತೆ. ಬಾರದೆ ಇರುತ್ತದೆಯೇ?

ನನಗೆ ಅವಳೇ ಇಷ್ಟ. ಮಿಕ್ಕವರು ಗಂಡಸರ ಭಯದಿಂದ ಹುಟ್ಟಿದವರು. ಇವಳು ಆ ಭಯವನ್ನು ನೋಡಿ ನಗುವವಳು.

ಅಡ್ಡಮಾತು
ಇದಕ್ಕೆ ನನ್ನ ಬಳಿ ಅಡ್ಡಮಾತಿಲ್ಲ. ಮೊದಲ ಬಾರಿ.

ನಿವೃತ್ತವಿಮೆ
ದಿನಾಂಕ ಬರೆದಿಟ್ಟುಕೊಳ್ಳಿ ಎಲ್ಲರೂ.

ತುಂಗಾತೀರ
ಇಷ್ಟೊಂದು ಬರುತ್ತದೆ ಎಂದುಕೊಂಡಿರಲಿಲ್ಲ. ಸಂಜೆ ಕೆಲವು ಉತ್ತರಗಳನ್ನು ಅಮ್ಮನಿಗೆ ಓದಿ ಹೇಳಿದೆ, ಕಾಲಿನ ಕ್ಯಾಮೆರಾ ಬಿಟ್ಟು. ಅಮೃತಮತಿಯ ಕಥೆ ಅವಳಿಗೆ ಗೊತ್ತಿತ್ತು, ಹಿಟ್ಟಿನ ಕೋಳಿಯನ್ನೂ ತಾನೇ ಸೇರಿಸಿ ಹೇಳಿದಳು. ಗಾಡಿಗಾಗಿ ಪ್ರಾರ್ಥಿಸಿದ ವಿಷಯ ನಾನು ಊರಿಗೆಲ್ಲ ಸಾರಿದ್ದೇನೆಂದು ಸ್ವಲ್ಪ ಕೋಪ. ಆದರೆ ಕೈಗವಸಿನವಳನ್ನು ಈ ಶನಿವಾರ ತೋರಿಸಬೇಕಂತೆ, ಗುಡಿಯಿಂದ ಬಂದ ಮೇಲೆ.

ನಿವೃತ್ತವಿಮೆ ಅವರೇ, ಅಮ್ಮನಿಗೆ ನಿಮ್ಮಲ್ಲಿ ಒಂದು ಪ್ರಶ್ನೆ ಇದೆ: ಇಷ್ಟೆಲ್ಲ ಆದ ಮೇಲೆ ಆ ಒಂದು ಲಕ್ಷ ಕೊನೆಗೆ ಯಾರಿಗೆ ಸಿಕ್ಕಿತು?

ನಿವೃತ್ತವಿಮೆ
ಅಮ್ಮನವರಿಗೆ ನಮಸ್ಕಾರ ಹೇಳಿ. ಇಡೀ ಚರ್ಚೆಯಲ್ಲಿ ಕೆಲಸಕ್ಕೆ ಬರುವ ಪ್ರಶ್ನೆ ಕೇಳಿದವರು ಅವರೊಬ್ಬರೇ. ಕೊಲೆ ಮಾಡಿದವಳಿಗೆ ಹಣ ಸಿಗುವುದಿಲ್ಲ, ಸಿಕ್ಕರೂ ಪಡೆಯಲು ಅವಳು ಉಳಿದಿಲ್ಲ. ಸತ್ತವನ ಮಗಳು ಲೋಲಾ ಅರ್ಜಿ ಹಾಕಬಹುದು. ಆದರೆ ಸಹಿಯನ್ನೇ ಮೋಸದಿಂದ ಹಾಕಿಸಿದ ಪಾಲಿಸಿ ಅದು. ಆ ಕಡತ ನನ್ನ ಮೇಜಿಗೆ ಬಂದಿದ್ದರೆ ಕೆಂಪು ಶಾಯಿಯಲ್ಲಿ ‘ತಿರಸ್ಕೃತ’ ಎಂದು ಬರೆದು ಕಳಿಸುತ್ತಿದ್ದೆ.

ತುಂಗಾತೀರ
ಹೇಳಿದೆ. “ಕಟ್ಟಿದ ಕಂತನ್ನಾದರೂ ಆ ಹುಡುಗಿಗೆ ವಾಪಸ್ ಕೊಡಬೇಕಿತ್ತು” ಎಂದಳು.